ನಾವಿಲ್ಲದ ಐದು ದಿನ: ವಾರಾಂತ್ಯದ ತೋಟದಲ್ಲಿ ಕೋಳಿ, ತರಕಾರಿ

ಮಾಗಡಿ ಕಡೆ ನಮ್ಮದು ಹತ್ತು ಗುಂಟೆ ಜಾಗ ಇದೆ. ಕೆಲಸ ಬೆಂಗಳೂರಿನಲ್ಲಿ. ಶನಿವಾರ ಬೆಳಗ್ಗೆ ಹೋಗಿ ಭಾನುವಾರ ಸಂಜೆ ವಾಪಸ್ ಬರುತ್ತೇವೆ. ಅಲ್ಲಿ ಕೋಳಿ ಸಾಕಿದ್ದೇವೆ ಅಂದರೆ ಎಲ್ಲರೂ ಕೇಳುವುದು ಒಂದೇ: "ಉಳಿದ ದಿನ ಯಾರು ನೋಡ್ಕೋತಾರೆ?" ಕೇಳಬೇಕಾದ ಪ್ರಶ್ನೆಯೇ. ನಾವು ಇದ್ದಾಗ ಹೇಗೋ ನಡೆಯುತ್ತದೆ. ತಲೆ ಕೆಡಿಸಿಕೊಂಡಿದ್ದೆಲ್ಲ ನಾವಿಲ್ಲದ ದಿನಗಳ ಬಗ್ಗೆ.

ಪಕ್ಕದ ಹೊಲದ ಅಕ್ಕ ದಿನಾ ಹಸುವಿಗೆ ಹುಲ್ಲು ಕೊಯ್ಯಲು ಆ ದಾರಿಯಲ್ಲೇ ಬರುತ್ತಾರೆ. ಬೆಳಗ್ಗೆ ಗೂಡಿನ ಬಾಗಿಲು ತೆಗೆಯೋದು, ಸಂಜೆ ಒಂದಿಷ್ಟು ಕಾಳು ಹಾಕಿ ಮುಚ್ಚೋದು, ಇಷ್ಟೇ ಕೆಲಸ. ತಿಂಗಳಿಗೆ ಎಷ್ಟು ಕೊಡಲಿ ಅಂತ ಕೇಳಿದೆ. "ದುಡ್ಡು ಬ್ಯಾಡ ಸಾರ್, ಮೊಟ್ಟೆ ತಗೋತೀನಿ ಬಿಡಿ" ಅಂದರು. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗಿನ ಮೊಟ್ಟೆ ಅವರದು, ಉಳಿದೆರಡು ದಿನದ್ದು ನಮ್ಮದು. ಸಂಬಳಕ್ಕಿಂತ ಇದೇ ಮೇಲು ಅನ್ನಿಸುತ್ತದೆ. ಮೊಟ್ಟೆ ಕಡಿಮೆಯಾದರೆ ಮೊದಲು ಗೊತ್ತಾಗೋದು ಅವರಿಗೆ. ಯಾವ ಕೋಳಿ ಲಂಟಾನ ಪೊದೆಯಲ್ಲಿ ಕದ್ದು ಮೊಟ್ಟೆ ಇಡ್ತಿದೆ, ಯಾವುದು ಮಂಕಾಗಿ ಕೂತಿದೆ ಅಂತ ಅವರೇ ಫೋನ್ ಮಾಡಿ ಹೇಳುತ್ತಾರೆ.

ಒಂದು ದಿನದ ಮರಿ ತರುವ ಗೋಜಿಗೆ ನಾವು ಹೋಗಲಿಲ್ಲ. ಅವಕ್ಕೆ ಮೊದಲ ಕೆಲವು ವಾರ ಬಲ್ಬಿನ ಕಾವು ಬೇಕು, ರಾತ್ರಿ ಕರೆಂಟ್ ಹೋದರೆ ಎದ್ದು ನೋಡುವವರು ಬೇಕು. ಎರಡು ತಿಂಗಳು ದಾಟಿದ ಮರಿಗಳನ್ನೇ ತಂದೆವು. ಬೆಲೆ ಜಾಸ್ತಿ, ಆದರೂ ನಮ್ಮಂಥವರಿಗೆ ಅದೇ ಸರಿ. ತಳಿ ಸ್ವರ್ಣಧಾರ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ ಅನ್ನೋ ತಳಿ ಆದಮೇಲೆ ಬಂದದ್ದು ಇದು. ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ನಾಟಿ ಕೋಳಿ 60 ಇಟ್ಟರೆ ಹೆಚ್ಚು. ಗಿರಿರಾಜ ಮೈ ಭಾರದ ಕೋಳಿ, ನಾಯಿ ಅಟ್ಟಿಸಿಕೊಂಡು ಬಂದರೆ ಓಡಲಾರದು. ಸ್ವರ್ಣಧಾರ ಸ್ವಲ್ಪ ಹಗುರ. ಜೊತೆಗೆ ನಾಟಿ ಹೇಟೆಗಳೂ ಇವೆ, ಅವು ಕಾವು ಕೂರಲಿಕ್ಕೆ. 21 ದಿನ ಅಲ್ಲಾಡದೆ ಕೂತು ಮರಿ ಮಾಡಿ, ತಾವೇ ಮೇಯಿಸಿಕೊಂಡು ಓಡಾಡುತ್ತವೆ. ಬಲ್ಬೂ ಬೇಡ, ನಾವೂ ಬೇಡ!

ದುಡ್ಡು ಸುರಿದಿದ್ದು ಗೂಡಿಗೆ. ನಮ್ಮ ಕಡೆ ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ ಮೂರೂ ಇವೆ. ಸಾದಾ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ, ಅದನ್ನೇ ಒಂದು ಅಡಿ ನೆಲದೊಳಗೆ ಇಳಿಸಿ, ತುದಿಯನ್ನು ಹೊರಕ್ಕೆ ಬಾಗಿಸಿ ಮಣ್ಣು ಮುಚ್ಚಿದೆವು. ಗೋಡೆ ಪಕ್ಕ ಕೆರೆಯಲು ಶುರುಮಾಡಿದ ಪ್ರಾಣಿಗೆ ಕಾಲಡಿ ಜಾಲರಿಯೇ ಸಿಗುತ್ತದೆ. ನೀರಿಗೆ ಮುಚ್ಚಳದ ಬಕೆಟ್ಟಿಗೆ, ಕೊಕ್ಕಿನಿಂದ ಕುಟ್ಟಿದರೆ ಹನಿ ಬೀಳುವ ನಿಪ್ಪಲ್ ಕೂರಿಸಿದ್ದೇವೆ. ತಟ್ಟೆಯಲ್ಲಿಟ್ಟರೆ ಕೆರೆದು ಕೆಸರು ಮಾಡಿಬಿಡುತ್ತವೆ.

ರೋಗದಲ್ಲಿ ಹೆದರಬೇಕಾದದ್ದು ಕೊಕ್ಕರೆ ರೋಗಕ್ಕೆ (ರಾಣಿಖೇತ್). ಬಂದರೆ ಊರಿನ ಕೋಳಿಗಳೆಲ್ಲ ಖಾಲಿ. ಔಷಧಿ ಇಲ್ಲ, ಲಸಿಕೆ ಮಾತ್ರ. ನಮಗೆ ಸಿಗುವ ಸೀಸೆ ನೂರು ಕೋಳಿಗೆ ಆಗುವಂಥದ್ದು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಐಸ್ ಮೇಲೇ ಇರಬೇಕು. ನಮ್ಮ ಹತ್ತಿಪ್ಪತ್ತು ಕೋಳಿಗೆ ಅಂತ ಒಂದು ಸೀಸೆ ಒಡೆದರೆ ಉಳಿದದ್ದು ದಂಡ. ಅದಕ್ಕೆ ಮೊದಲೇ ಹೇಳಿಟ್ಟು ಸುತ್ತಲಿನ ಮನೆಯವರ ಕೋಳಿಗಳಿಗೂ ಒಟ್ಟಿಗೇ ಹಾಕಿಸುತ್ತೇವೆ. ನಮ್ಮ ಕೋಳಿ ಉಳಿಯಬೇಕಾದರೆ ಅವರ ಕೋಳಿಯೂ ಉಳಿಯಬೇಕಲ್ವಾ? ಹಿಡಿಯೋ ಕೆಲಸ ಬೆಳಕು ಹರಿಯುವ ಮೊದಲೇ, ಗೂಡಿನೊಳಗೇ ಮುಗಿಸಬೇಕು. ಬಿಟ್ಟ ಮೇಲೆ ಹಿಡಿಯೋದು ಅಷ್ಟರಲ್ಲೇ ಇದೆ.

ಇನ್ನು ತರಕಾರಿ. ವಾರಕ್ಕೊಮ್ಮೆ ಕೊಯ್ಯುವವರು ಬೆಂಡೆ, ಹೀರೆ, ಸೌತೆ ನೆಚ್ಚಿಕೊಳ್ಳಬಾರದು. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೀಳದಿದ್ದರೆ ನಾರು. ಹೀರೆ ಬಲಿತರೆ ಮೈ ಉಜ್ಜಲಿಕ್ಕೇ ಸರಿ. ನಮ್ಮಲ್ಲಿರುವುದು ಬದನೆ, ಮೆಣಸಿನಕಾಯಿ, ನುಗ್ಗೆ, ಬಸಳೆ, ಸಿಹಿಗುಂಬಳ, ಗೆಣಸು. ಒಂದು ವಾರ ತಡವಾದರೂ ಇವು ಮುನಿಸಿಕೊಳ್ಳುವುದಿಲ್ಲ.

ನೀರಿಗೆ ಪಂಪಿನ ಟೈಮರ್ ನಂಬಲಿಲ್ಲ. ಹಳ್ಳಿಯಲ್ಲಿ ತ್ರೀ ಫೇಸ್ ಯಾವಾಗ ಬರುತ್ತೋ ಯಾವಾಗ ಹೋಗುತ್ತೋ. ಆರಡಿ ಕಟ್ಟೆ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟು, ನಲ್ಲಿಗೆ ಬ್ಯಾಟರಿ ಟೈಮರ್ ಹಾಕಿ ಡ್ರಿಪ್ ಬಿಟ್ಟಿದ್ದೇವೆ. ಕರೆಂಟ್ ಬಂದಾಗ ಟ್ಯಾಂಕ್ ತುಂಬಿಕೊಳ್ಳುತ್ತದೆ, ನೀರು ಅದರ ಹೊತ್ತಿಗೆ ಹರಿಯುತ್ತದೆ. ಪ್ರತಿ ಶನಿವಾರ ಫಿಲ್ಟರ್ ತೊಳೆಯಲೇಬೇಕು, ಇಲ್ಲದಿದ್ದರೆ ಕೊನೆಯ ಸಾಲು ಒಣಗುತ್ತದೆ. ಬುಡಕ್ಕೆ ರಾಗಿ ಹುಲ್ಲಿನ ಮುಚ್ಚಿಗೆ ಹಾಕಿದರೆ ತೇವ ನಿಲ್ಲುತ್ತದೆ.

ಆದರೆ ಕೋಳಿಗೆ ಮುಚ್ಚಿಗೆ ಕಂಡರೆ ಆಗದು, ಕೆದರಿ ಚೆಲ್ಲುತ್ತವೆ. ಆದ್ದರಿಂದ ತರಕಾರಿ ಮಡಿಗೆ ಬೇಲಿ. ಬೆಳೆ ಮುಗಿದು ಗಿಡ ಕಿತ್ತ ಮೇಲೆ ಕೋಳಿಗಳನ್ನು ಒಳಗೆ ಬಿಡುತ್ತೇವೆ. ಹುಳ, ಗೊಣ್ಣೆಹುಳ, ಕಳೆ ಬೀಜ ಎಲ್ಲ ಆರಿಸಿ ತಿನ್ನುತ್ತವೆ. ಗೂಡಿನ ಗೊಬ್ಬರ ಮಾತ್ರ ಹಸಿಯಾಗಿ ಹಾಕುವಂತಿಲ್ಲ, ಗಿಡ ಸುಟ್ಟುಹೋಗುತ್ತದೆ. ಒಣ ಎಲೆ, ಭತ್ತದ ಹೊಟ್ಟಿನ ಜೊತೆ ಗುಂಡಿಗೆ ತುಂಬಿ ಮೂರು ತಿಂಗಳು ಕೊಳೆಸಿ ಹಾಕುತ್ತೇವೆ.

ಮೇವಿಗೆ ಒಂದು ಹಳೇ ಉಪಾಯ ಇದೆ, ಅಕ್ಕನೇ ಹೇಳಿಕೊಟ್ಟಿದ್ದು. ಹಳೆ ಮಡಕೆಗೆ ಗೋಣಿ ಚೂರು, ಒಣಗಿದ ಸಗಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಶನಿವಾರ ಸಂಜೆ ಬೋರಲು ಹಾಕುವುದು. ಭಾನುವಾರ ಬೆಳಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿದರೆ ನಿಮಿಷದಲ್ಲಿ ಗೆದ್ದಲು ಖಾಲಿ. ಆದರೂ ಒಂದು ಕೋಳಿಗೆ ದಿನಕ್ಕೆ ನೂರು ಗ್ರಾಂ ಮೇಲೆ ಆಹಾರ ಬೇಕು. ಮೇಯ್ದು ತಿಂದದ್ದು ಹೋಗಿ ಉಳಿದದ್ದಕ್ಕೆ ಜೋಳ, ರಾಗಿ ಕೊಳ್ಳಲೇಬೇಕು. ಮೊಟ್ಟೆ ಬರುವ ಕಾಲಕ್ಕೆ ಕಪ್ಪೆಚಿಪ್ಪಿನ ಪುಡಿಯೂ ಬೇಕು. ಇದನ್ನೆಲ್ಲ ಕೂಡಿಸಿದರೆ ಅಂಗಡಿ ಮೊಟ್ಟೆಯೇ ಅಗ್ಗ. ಪೆಟ್ರೋಲ್ ನಾನಿನ್ನೂ ಸೇರಿಸಿಲ್ಲ, ಸೇರಿಸೋದೂ ಇಲ್ಲ.