ಕೆಸಿಕ್ ಮಳೆ ಮತ್ತು ನಾನು: ಎರಡು ಸಲ ಹೋದ ಅನುಭವ

ನಾನು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಕಡೆ, ಹಾಗಾಗಿ ಇಂಗ್ಲೆಂಡಲ್ಲಿ ಮಳೆ ಜಾಸ್ತಿ ಹುಷಾರು ಅಂತ ಯಾರಾದ್ರೂ ಹೇಳಿದ್ರೆ ನಗು ಬರ್ತಿತ್ತು. ಆ ಸೊಕ್ಕಲ್ಲೇ ಮೊದಲ ಸಲ ಇಂಗ್ಲೆಂಡಿನ ವಾಯವ್ಯಕ್ಕಿರೋ ಗುಡ್ಡ-ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟಿನ ಕೆಸಿಕ್ ಪೇಟೆಗೆ (ಸ್ಪೆಲಿಂಗಲ್ಲಿ ಡಬ್ಲ್ಯೂ ಇದೆ, ಬಾಯಲ್ಲಿ ಇಲ್ಲ) ಅಕ್ಟೋಬರಲ್ಲಿ ಹೋದೆ. ಜೀನ್ಸ್, ಕಾಟನ್ ಟೀಶರ್ಟು, ಒಂದು ಕೊಡೆ. ಫೋನಲ್ಲಿ ಕೆಸಿಕ್ ಅಂತ ಹೊಡೆದ್ರೆ ಮೋಡದ ಕೆಳಗೆ ಒಂದೇ ಒಂದು ಹನಿ ತೋರಿಸ್ತಿತ್ತು, ಒಂದು ಹನಿಗೆಲ್ಲ ಯಾರು ತಲೆ ಕೆಡಿಸ್ಕೊತಾರೆ ಅಂತ ಕ್ಯಾಟ್‌ಬೆಲ್ಸ್ ಗುಡ್ಡ ಹತ್ತೋಕೆ ಹೊರಟೆ. ಎತ್ತರ ಬರೀ 451 ಮೀಟರ್, ನಮ್ಮ ಕುಂದಾದ್ರಿಯಷ್ಟೂ ಇಲ್ಲ.

ಏಣು ಹತ್ತಿದ್ಮೇಲೆ ಗೊತ್ತಾಯ್ತು, ಅಲ್ಲಿ ಮಳೆ ಮೇಲಿಂದ ಬೀಳಲ್ಲ, ಪಕ್ಕದಿಂದ ಬರುತ್ತೆ. ಕೊಡೆ ಎರಡು ನಿಮಿಷಕ್ಕೆ ಮಗುಚಿಕೊಂಡು ಕಡ್ಡಿ ಮುರೀತು. ಹನಿ ಎಷ್ಟು ಸಣ್ಣದು ಅಂದ್ರೆ ನೆನೀತಿದೀನಿ ಅಂತಾನೇ ಅನ್ಸಲ್ಲ, ಆದ್ರೆ ಅರ್ಧ ಗಂಟೆ ಆದ್ಮೇಲೆ ಜೀನ್ಸ್ ತೊಡೆಗೆ ಅಂಟ್ಕೊಂಡು ಹಸಿ ಮಣ್ಣಿನ ಹಾಗೆ ಭಾರ, ಬೆರಳು ಮರಗಟ್ಟಿ ಬ್ಯಾಗಿನ ಜಿಪ್ ಎಳೆಯೋಕೆ ಆಗ್ತಿಲ್ಲ. ನಮ್ಮೂರಲ್ಲಿ ಜುಲೈಲಿ ನೆಂದ್ರೆ ಒಲೆ ಮುಂದೆ ಕೂತ್ರೆ ಮುಗೀತು, ಇಲ್ಲಿ ನೆಂದ್ಮೇಲೆ ಗಾಳಿ ಒಳಗಿನ ಬಿಸಿನೇ ಎಳ್ಕೊಂಡು ಹೋಗುತ್ತೆ.

ಮುಂದಿನ ಸಲ ಅಪ್ಪ ಅಮ್ಮ ಬಂದಾಗ ಸ್ವಲ್ಪ ಓದ್ಕೊಂಡು ಹೋದೆ. ಅಪ್ಪಂಗೆ ಹೇಳಿದ್ದು ಹೀಗೆ: ಅಟ್ಲಾಂಟಿಕ್ ಕಡೆಯಿಂದ ನೈಋತ್ಯದ ಗಾಳಿ ಬಂದು ಗುಡ್ಡಕ್ಕೆ ಬಡಿದು ಮೇಲೇಳುತ್ತೆ, ತಣ್ಣಗಾಗಿ ಮಳೆ ಸುರಿಸುತ್ತೆ, ಥೇಟ್ ನಮ್ಮ ಘಟ್ಟದ ಥರ. ಬಾರೋಡೇಲ್ ಕಣಿವೆ ಒಳಗಿರೋ ಸೀತ್‌ವೇಟ್ ಅನ್ನೋ ಹಳ್ಳಿ ಆಗುಂಬೆ ಇದ್ದ ಹಾಗೆ, ಕೆಸಿಕ್ ತೀರ್ಥಹಳ್ಳಿ, ಪೂರ್ವಕ್ಕಿರೋ ಪೆನ್ರಿತ್ ಪೇಟೆ ಶಿವಮೊಗ್ಗ. ಸೀತ್‌ವೇಟಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ., ಅಲ್ಲಿಂದ 13-14 ಕಿ.ಮೀ. ದೂರದ ಕೆಸಿಕ್ ಪೇಟೆಲಿ ಅದರ ಅರ್ಧನೂ ಇಲ್ಲ. ಆಗುಂಬೆಲಿ 7000 ದಾಟುತ್ತಲ್ಲೋ, ಇದೇನು ಮಹಾ ಅಂದ್ರು ಅಪ್ಪ. ಅಪ್ಪಾ, ಆಗುಂಬೆದು ಮುಕ್ಕಾಲು ಪಾಲು ನಾಲ್ಕು ತಿಂಗಳಲ್ಲಿ ಮುಗಿಯುತ್ತೆ, ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ವರ್ಷಪೂರ್ತಿ ಬರುತ್ತೆ ಅಂದೆ. 2015ರ ಡಿಸೆಂಬರ್ 5ರ ಡೆಸ್ಮಂಡ್ ಚಂಡಮಾರುತದ ಕಥೆನೂ ಹೇಳಿದೆ, ಅಲ್ಲೇ ಹತ್ರದ ಹಾನಿಸ್ಟರ್ ಪಾಸ್ ಅನ್ನೋ ಘಟ್ಟದ ದಾರಿಲಿ 24 ಗಂಟೆಲಿ 341.4 ಮಿ.ಮೀ. ಬಿದ್ದು ಬ್ರಿಟನ್ನಿನ ದಾಖಲೆ ಆಯ್ತು, ಗ್ರೇಟಾ ಹೊಳೆ ತಡೆಗೋಡೆ ದಾಟಿ ಕೆಸಿಕ್ ಪೇಟೆಗೆ ನುಗ್ತು. ಆಗ ಸುಮ್ನಾದ್ರು.

ಈ ಸಲ ಜೂನ್ ಆರಿಸ್ಕೊಂಡೆ. ಏಪ್ರಿಲಿಂದ ಜೂನ್‌ವರೆಗೆ ಉಳಿದ ತಿಂಗಳಿಗಿಂತ ಮಳೆ ಕಮ್ಮಿ, ಅಕ್ಟೋಬರಿಂದ ಜನವರಿವರೆಗೆ ಜೋರು. ಫೋರ್‌ಕಾಸ್ಟಲ್ಲಿ ಪೇಟೆದು ಒಂದೇ ನೋಡ್ದೆ ಸೀತ್‌ವೇಟಿಂದು, ಗುಡ್ಡದ ತುದಿದು ಬೇರೆ ಬೇರೆ ನೋಡಿದೆ, ಅದೂ ದಿನದ ಲೆಕ್ಕ ಅಲ್ಲ, ಗಂಟೆ ಗಂಟೆದು. ಶೇ. 60 ಅಂತ ಇದ್ರೆ ಅದು ಮಳೆ ಬರೋ ಸಾಧ್ಯತೆ ಅಷ್ಟೇ, ಎಷ್ಟು ಬರುತ್ತೆ ಅನ್ನೋದಲ್ಲ, ನಾನೇ ಎಷ್ಟೋ ವರ್ಷ ತಪ್ಪು ತಿಳ್ಕೊಂಡಿದ್ದೆ. ಗುಡ್ಡಕ್ಕಾದ್ರೆ ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವೀಸ್‌ನವರದು ಚೆನ್ನಾಗಿದೆ, ತುದಿಲಿ ಗಾಳಿ ಎಷ್ಟು, ಮೋಡ ಮುಚ್ಚಿರುತ್ತಾ ಇಲ್ವಾ ಎಲ್ಲ ಹೇಳ್ತಾರೆ. ಮಳೆಗಿಂತ ಮೊದಲು ಗಾಳಿ ನೋಡ್ತೀನಿ ಈಗ.

ಹೋಟೆಲ್ ಮಾತ್ರ ಬುಕ್ ಮಾಡಿ, ಯಾವ ದಿನ ಎಲ್ಲಿಗೆ ಅನ್ನೋದನ್ನ ಹಾಗೇ ಬಿಟ್ಟಿದ್ದೆ. ಒಂದಿನ ಬೆಳಿಗ್ಗೆ ಬಾರೋಡೇಲ್ ಕಡೆ ಕಪ್ಪಗಿತ್ತು, ಬಸ್ ಹತ್ತಿ ಪೆನ್ರಿತ್‌ಗೆ ಹೋದ್ವಿ, ಅಲ್ಲಿ ಬಿಸಿಲು. ಇನ್ನೊಂದಿನ ಎಲ್ಲಾ ಕಡೆ ಹೊಯ್ತಿತ್ತು, ಪೆನ್ಸಿಲ್ ಮ್ಯೂಸಿಯಂಗೆ ಹೋದ್ವಿ, ಪೆನ್ಸಿಲ್ಲಿನ ಗ್ರಾಫೈಟ್ ಸಿಕ್ಕಿದ್ದೂ ಅದೇ ಸೀತ್‌ವೇಟ್ ಹತ್ರ ಅಂತ ಗೊತ್ತಾಗಿ ಅಮ್ಮಂಗೆ ಖುಷಿ.

ಬಟ್ಟೆ ವಿಷ್ಯದಲ್ಲಿ ಅಪ್ಪನೇ ಗೆದ್ದಿದ್ದು. ಅಲ್ಲಿನ ಹರ್ಡ್‌ವಿಕ್ ತಳಿ ಕುರಿ ಉಣ್ಣೆ ಅಂಗಡಿಲಿ ಮುಟ್ಟಿ ನೋಡಿ, ನಮ್ಮ ಕಂಬಳಿ ಥರನೇ ಒರಟು ಅಂದ್ರು. ನನ್ನಜ್ಜ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕ್ತಿದ್ರು, ಉಣ್ಣೆ ನೆಂದ್ರೂ ಬೆಚ್ಚಗಿರುತ್ತೆ, ಹತ್ತಿ ನೆಂದ್ರೆ ಮೈ ತಣ್ಣಗೆ ಮಾಡುತ್ತೆ, ನಾನು ನೋಡ್ಕೊಂಡೇ ಬೆಳೆದಿದ್ದನ್ನ ಮರೆತು ಜೀನ್ಸ್ ಹಾಕ್ಕೊಂಡು ಹೋಗಿದ್ದೆ. ಅಮ್ಮ ಸೀರೆನೇ ಉಟ್ಕೊಂಡಿದ್ರು, ಒಳಗೆ ಉಣ್ಣೆ ಥರ್ಮಲ್, ನೆರಿಗೆ ಮೇಲಕ್ಕೆ ಸಿಕ್ಕಿಸಿ ಪಿನ್ ಹಾಕಿ, ಮೇಲೆ ನನ್ನ ವಾಟರ್‌ಪ್ರೂಫ್ ಜಾಕೆಟ್.

ಕೊನೇ ದಿನ ಸಂಜೆ ಡರ್ವೆಂಟ್‌ವಾಟರ್ ಸರೋವರದ ದಂಡೆಲಿ ಕೂತಿದ್ವಿ. ಒಂಬತ್ತೂವರೆ ಆದ್ರೂ ಬೆಳಕು. ದೀಪ ಹಚ್ಚೋ ಹೊತ್ತಾಗ್ದೆ ಊಟ ಹೇಗೋ ಅಂತ ಅಪ್ಪ ಬೆಂಚಿಂದ ಏಳಲಿಲ್ಲ, ಚಿತ್ರಾನ್ನದ ಡಬ್ಬಿ ತೊಡೆ ಮೇಲೆ ಹಾಗೇ ಇತ್ತು.