ಬೇಟೆ ರೈಫಲ್ಲಿನ ತೋಟಾಕ್ಕೆ ಯಾವ ಮದ್ದು? ಮನೆಯಲ್ಲೇ ತುಂಬಿಕೊಳ್ಳುವವರು ಆರಿಸುವ ಬಗೆ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವ ಎಷ್ಟೋ ಜನ ಅಂಗಡಿಯ ತೋಟಾ ಕೊಳ್ಳುವುದಿಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆ ಕೇಸನ್ನು ಶುಚಿ ಮಾಡಿ, ಅಳತೆಗೆ ತಂದು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿ ತಾವೇ ತಯಾರಿಸಿಕೊಳ್ಳುತ್ತಾರೆ. ಇದಕ್ಕೆ ಹ್ಯಾಂಡ್‌ಲೋಡಿಂಗ್ ಅಂತ ಹೆಸರು. ಹೊಸದಾಗಿ ಶುರು ಮಾಡಿದವರು ಅಂಗಡಿಗೆ ಹೋದರೆ ಕಪಾಟಿನ ತುಂಬ ಹತ್ತಾರು ಬಗೆಯ ಮದ್ದಿನ ಡಬ್ಬಿಗಳು, ಎಲ್ಲದರ ಮೇಲೂ ಬರೀ ನಂಬರು. ಯಾವುದು ತಗೊಳ್ಳುವುದು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಾಸ್ತಿ ವೇಗ ಕೊಡುವ ಮದ್ದಿನ ಹಿಂದೆ ಹೋಗಬೇಡಿ. ಪ್ರತಿ ಸಲವೂ ಒಂದೇ ಥರ ಉರಿಯುವ ಮದ್ದು ಹುಡುಕಿ. ಜುಲೈ ಬಿಸಿಲಲ್ಲಿ ಹೇಗೋ ನವೆಂಬರಿನ ಹಿಮದಲ್ಲೂ ಹಾಗೇ ಇರಬೇಕು. ಬೇಟೆಯಲ್ಲಿ ಮೊದಲ ಈಡೇ ಮುಖ್ಯ, ಅದು ತಪ್ಪಿದರೆ ಪ್ರಾಣಿ ಗಾಯಗೊಂಡು ನರಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಕಾನೂನಿನ ಮಾತು ಮುಗಿಸಿಬಿಡೋಣ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ, ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆ ಇದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು. ಅಲ್ಲಿ ಎಚ್-1ಬಿ ಥರದ ವೀಸಾದಲ್ಲಿರುವ ನಮ್ಮವರು ಇದೊಂದು ಗಮನಿಸಬೇಕು: ಫೆಡರಲ್ ಕಾನೂನಿನ ಪ್ರಕಾರ ನೀವು ಬಂದೂಕು ಮಾತ್ರ ಅಲ್ಲ, ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ವಕೀಲರನ್ನು ಕೇಳಿಯೇ ಮುಂದುವರಿಯಿರಿ. ನಿಮ್ಮ ಬಳಕೆಗೆ ತುಂಬಿಕೊಳ್ಳಬಹುದು, ಮಾರಾಟಕ್ಕೆ ತಯಾರಿಸಬೇಕಾದರೆ ಬೇರೆಯೇ ಲೈಸೆನ್ಸ್ ಬೇಕು.

ಮೊದಲು ಗುಂಡು, ಆಮೇಲೆ ಮದ್ದು

ಯಾವ ಪ್ರಾಣಿ, ಎಷ್ಟು ದೂರ, ಯಾವ ಗುಂಡು ಅನ್ನುವುದು ಮೊದಲು ತೀರ್ಮಾನವಾಗಲಿ. ಉದಾಹರಣೆಗೆ .30-06 ಸ್ಪ್ರಿಂಗ್‌ಫೀಲ್ಡ್ ತಗೊಳ್ಳೋಣ. 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ ಇದು, ಇವತ್ತಿಗೂ ಜಿಂಕೆ ಬೇಟೆಯಲ್ಲಿ ಮನೆಮಾತು. ಇದಕ್ಕೆ 165 ಗ್ರೇನಿನ ಗುಂಡು ಅಂತ ಇಟ್ಟುಕೊಳ್ಳಿ. ಗ್ರೇನ್ ಅಂದರೆ ತೂಕದ ಅಳತೆ, ಒಂದು ಪೌಂಡಿಗೆ 7000 ಗ್ರೇನ್.

ಮದ್ದು ಕೋವಿಯೊಳಗೆ ಬಾಂಬಿನ ಹಾಗೆ ಸಿಡಿಯುವುದಿಲ್ಲ, ಉರಿಯುತ್ತದೆ. ಉರಿದು ಗ್ಯಾಸ್ ಆಗಿ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತಾ ಹೋಗುತ್ತದೆ. ಬೇಗ ಉರಿಯುವ ಮದ್ದಾದರೆ ಒತ್ತಡ ಥಟ್ಟನೆ ಏರುತ್ತದೆ, ಅದು ಪಿಸ್ತೂಲಿನ ಸಣ್ಣ ಕೇಸಿಗೆ ಸರಿ. ಭಾರದ ಗುಂಡನ್ನು ದೊಡ್ಡ ಕೇಸಿನಿಂದ ತಳ್ಳಬೇಕಾದರೆ ನಿಧಾನಕ್ಕೆ ಉರಿಯುವುದು ಬೇಕು. ಪಿಸ್ತೂಲಿನ ಮದ್ದನ್ನು ರೈಫಲ್ ಕೇಸಿಗೆ ತಪ್ಪಿ ತುಂಬಿದರೆ ಕೋವಿಯೇ ಸಿಡಿಯಬಹುದು; ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ನಿಮ್ಮ ಮುಖದ ಹತ್ತಿರವೇ ಇರುತ್ತದೆ ಅನ್ನುವುದು ನೆನಪಿರಲಿ.

.30-06ಕ್ಕೆ 165 ಗ್ರೇನ್ ಗುಂಡಿನ ಜೊತೆ ಜನ ಹೆಚ್ಚಾಗಿ ಹಿಡಿಯುವುದು ಎಚ್4350 (ಎಚ್ ಅಂದರೆ ಹಾಜ್ಡನ್ ಕಂಪನಿಯದು), ಐಎಂಆರ್ 4350 (ಐಎಂಆರ್ ಇನ್ನೊಂದು ಬ್ರಾಂಡ್), ಸ್ವಲ್ಪ ನಿಧಾನದ್ದು ಬೇಕಾದರೆ ಎಚ್4831ಎಸ್‌ಸಿ. ಕೇಸ್ ಸಣ್ಣದಾದ .308 ವಿಂಚೆಸ್ಟರ್‌ಗೆ ವಾರ್ಗೆಟ್ ಅಥವಾ ಐಎಂಆರ್ 4064. 6.5 ಕ್ರೀಡ್‌ಮೂರ್‌ಗೆ ಎಚ್4350 ಬಿಟ್ಟು ಬೇರೆ ಮಾತೇ ಆಡದವರಿದ್ದಾರೆ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಥರದ ದೊಡ್ಡ ಹೊಟ್ಟೆಯ ಕೇಸಿಗೆ ರೀಲೋಡರ್ 22, ಎಚ್1000. .270 ವಿಂಚೆಸ್ಟರ್‌ಗೆ 130 ಗ್ರೇನ್ ಗುಂಡು, ಜೊತೆಗೆ ಎಚ್4831. ಇದು ಬೇಟೆ ಲೇಖಕ ಜ್ಯಾಕ್ ಓ'ಕಾನರ್ ಮೆಚ್ಚಿ ಬರೆದು ಹೆಸರು ಮಾಡಿಸಿದ ಜೋಡಿ. ಆ 4831 ಮೂಲದಲ್ಲಿ ಎರಡನೇ ಮಹಾಯುದ್ಧದಲ್ಲಿ ಉಳಿದುಹೋದ ಮಿಲಿಟರಿ ಮದ್ದು. ಹಾಜ್ಡನ್ ಕಂಪನಿ ಶುರುವಾದದ್ದೇ ಅಂಥ ಮಿಕ್ಕ ಮದ್ದನ್ನು ಕೊಂಡು ಮಾರಿ.

ಇಲ್ಲೊಂದು ಅಪಾಯ ಇದೆ, ದಯವಿಟ್ಟು ಎರಡು ಸಲ ಓದಿ. ಎಚ್4350 ಬೇರೆ, ಐಎಂಆರ್ 4350 ಬೇರೆ. ಎಚ್4831 ಮತ್ತು ಐಎಂಆರ್ 4831 ಕೂಡ ಒಂದೇ ಅಲ್ಲ, ಐಎಂಆರ್ ಇನ್ನೂ ಬೇಗ ಉರಿಯುತ್ತದೆ. ನಂಬರು ಒಂದೇ ಅಂತ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಒತ್ತಡ ಮಿತಿ ಮೀರಬಹುದು. ಯಾವುದು ಬೇಗ, ಯಾವುದು ನಿಧಾನ ಅಂತ ಸಾಲಾಗಿ ಬರೆದ ಪಟ್ಟಿಗಳು ಸಿಗುತ್ತವೆ ನಿಜ, ಆದರೆ ಅವು ಬರೀ ಅಂದಾಜಿಗೆ. ಪಟ್ಟಿಯಲ್ಲಿ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ.

ಇಷ್ಟು ಗ್ರೇನ್ ಹಾಕಿ ಅಂತ ಈ ಲೇಖನದಲ್ಲಿ ಬೇಕಂತಲೇ ಬರೆದಿಲ್ಲ. ಅದನ್ನು ಮದ್ದಿನ ಕಂಪನಿ ಅಥವಾ ಗುಂಡಿನ ಕಂಪನಿಯ ಈಗಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ನೋಸ್ಲರ್, ಸಿಯೆರಾ ಕೈಪಿಡಿಗಳಲ್ಲಿ ಪರೀಕ್ಷೆಯಲ್ಲಿ ಯಾವ ಮದ್ದಿಗೆ ಗುರಿ ಚೆನ್ನಾಗಿ ಬಂತು ಅನ್ನುವುದನ್ನೂ ಗುರುತು ಹಾಕಿರುತ್ತಾರೆ. ಶುರು ಮಾಡುವವರಿಗೆ ಅದು ಒಳ್ಳೆ ದಾರಿ. ಎರಡು ಕೈಪಿಡಿ ತೆರೆದಿಟ್ಟುಕೊಂಡು, ಎರಡರಲ್ಲೂ ಕಾಣುವ ಎರಡು ಮೂರು ಮದ್ದನ್ನು ಬರೆದುಕೊಳ್ಳಿ. ಅಷ್ಟು ಸಾಕು.

ಚಳಿಗೆ ಜಗ್ಗಬಾರದು

ಬೇಟೆಯವರು ಬೇಸಿಗೆಯಲ್ಲಿ ತೋಟಾ ತುಂಬಿ ಪರೀಕ್ಷೆ ಮಾಡುತ್ತಾರೆ, ನವೆಂಬರಿನಲ್ಲಿ ಕಾಡಿಗೆ ಹೋಗುತ್ತಾರೆ. ಈ ಎರಡರ ನಡುವೆ ಮೂವತ್ತು ನಲವತ್ತು ಡಿಗ್ರಿ ವ್ಯತ್ಯಾಸ ಆರಾಮಾಗಿ ಇರಬಹುದು. ಕೆಲವು ಮದ್ದು ಚಳಿಯಲ್ಲಿ ಮಂದವಾಗುತ್ತದೆ. ಗುಂಡಿನ ವೇಗ ಇಳಿಯುತ್ತದೆ, ದೂರದ ಗುರಿಯಲ್ಲಿ ಈಡು ಕೆಳಗೆ ಬೀಳುತ್ತದೆ, ಬೇಸಿಗೆಯಲ್ಲಿ ಗುರಿ ಹಲಗೆಯ ಮೇಲೆ ಒತ್ತಾಗಿ ಬಿದ್ದ ಈಡುಗಳ ಗುಂಪು ಚದುರುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಚಳಿಗಾಲದಲ್ಲಿ ಮಿತಿಯ ಹತ್ತಿರ ತುಂಬಿದ ತೋಟಾವನ್ನು ಟೆಕ್ಸಾಸಿನ ಆಗಸ್ಟ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಆಮೇಲೆ ಹಾರಿಸಿದರೆ ಒತ್ತಡ ಮಿತಿ ದಾಟಬಹುದು. ಹಾಜ್ಡನ್‌ನ ಎಕ್ಸ್‌ಟ್ರೀಮ್ ಸಾಲಿನ ಮದ್ದು (ವಾರ್ಗೆಟ್, ಎಚ್4350, ಎಚ್4831ಎಸ್‌ಸಿ, ಎಚ್1000) ಹೆಸರು ಮಾಡಿದ್ದೇ ಈ ಏರುಪೇರು ಕಡಿಮೆ ಅನ್ನುವ ಕಾರಣಕ್ಕೆ. ಇವು ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಸೆಕೆಂಡಿಗೆ ಐವತ್ತು ಅಡಿ ಜಾಸ್ತಿ ಕೊಡುವ ಮದ್ದು ಒಂದು ಕಡೆ, ಚಳಿಗೆ ಜಗ್ಗದ ಮದ್ದು ಇನ್ನೊಂದು ಕಡೆ ಇದ್ದರೆ ನಾನು ಯೋಚನೆ ಮಾಡದೆ ಎರಡನೆಯದನ್ನೇ ಹಿಡಿಯುತ್ತೇನೆ. ಆ ಐವತ್ತು ಅಡಿ ಜಿಂಕೆಗೆ ಗೊತ್ತೂ ಆಗುವುದಿಲ್ಲ.

ಕಾಳಿನ ಆಕಾರ, ಕೇಸು ತುಂಬುವ ಮಟ್ಟ

ಎಚ್4350, 4064 ಇವೆಲ್ಲ ಕಡ್ಡಿ ಮದ್ದು. ಅಂಗೈಗೆ ಒಂದಿಷ್ಟು ಹಾಕಿಕೊಂಡು ನೋಡಿದರೆ ಪೆನ್ಸಿಲ್ ಸೀಸವನ್ನು ಸಣ್ಣ ಸಣ್ಣ ತುಂಡು ಮಾಡಿದ ಹಾಗೆ ಕಾಣುತ್ತದೆ. ತುಂಡಿನ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಹೊರಗಿನಿಂದ ಉರಿಯುತ್ತಾ ಕಾಳು ಸಣ್ಣದಾದರೂ ಒಳಗಿನ ತೂತು ಅಗಲವಾಗುತ್ತಾ ಹೋಗುವುದರಿಂದ ಉರಿ ಒಂದೇ ಸಮ ನಡೆಯುತ್ತದೆ. 4064ರಂಥ ಉದ್ದ ಕಡ್ಡಿಯದು ಅಳತೆ ಯಂತ್ರದಲ್ಲಿ ಸಿಕ್ಕಿಕೊಂಡು ಕಟಕಟ ಅನ್ನುತ್ತದೆ, ತೂಕ ಹೆಚ್ಚುಕಡಿಮೆ ಬೀಳುತ್ತದೆ. ಎಚ್4831ಎಸ್‌ಸಿಯ ಕಾಳನ್ನು ಗಿಡ್ಡ ಮಾಡಿದ್ದು ಇದೇ ತೊಂದರೆಗೆ. ದುಂಡು ಕಾಳಿನ ಮದ್ದು, ಉದಾಹರಣೆಗೆ ಎಚ್414, ನೀರಿನಂತೆ ಸರಾಗವಾಗಿ ಬೀಳುತ್ತದೆ. ಆದರೆ ಈ ಜಾತಿಯಲ್ಲಿ ಬಿಸಿ-ಚಳಿಗೆ ಏರುಪೇರಾಗುವುದು ಸಾಮಾನ್ಯವಾಗಿ ಜಾಸ್ತಿ. ವರ್ಷಕ್ಕೆ ನಲವತ್ತು ಐವತ್ತು ತೋಟಾ ತುಂಬುವ ಬೇಟೆಯವರಿಗೆ ಯಂತ್ರದ ವೇಗ ಯಾಕೆ ಬೇಕು? ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ. ಬೇಕಾದ ತೂಕಕ್ಕಿಂತ ಸ್ವಲ್ಪ ಕಮ್ಮಿ ಹಾಕಿ, ಟ್ರಿಕ್ಲರಿನ (ಕಾಳನ್ನು ಸ್ವಲ್ಪಸ್ವಲ್ಪವೇ ಉದುರಿಸುವ ಸಾಧನ) ಗುಬುಟನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾ ಕಾಳು ಉದುರಿಸಿ. ಕೊನೆಯ 0.1 ಗ್ರೇನ್ ಅಂದರೆ ಕೆಲವೇ ಕಾಳು, ಬಿದ್ದದ್ದು ಕಣ್ಣಿಗೆ ಕಾಣುತ್ತದೆ.

ಕೇಸು ಎಷ್ಟು ತುಂಬುತ್ತದೆ ಅನ್ನುವುದನ್ನು ಬಹಳ ಜನ ನೋಡುವುದೇ ಇಲ್ಲ. ಮದ್ದು ಕೇಸಿನ ಕತ್ತಿನ ಹತ್ತಿರದವರೆಗೆ ಬಂದರೆ ಚೆನ್ನ. ಅರ್ಧ ಖಾಲಿ ಇದ್ದರೆ ಕೋವಿ ಬಾಗಿದ ಕಡೆ ಮದ್ದು ಜಾರುತ್ತದೆ. ಮರದ ಮೇಲಿನ ಅಟ್ಟಣಿಗೆಯಲ್ಲಿ ಕೂತು ಕೆಳಕ್ಕೆ ಗುರಿ ಇಟ್ಟಾಗ ಅದು ಗುಂಡಿನ ಬುಡಕ್ಕೆ ಹೋಗಿ ಸೇರುತ್ತದೆ, ಪ್ರೈಮರಿನ ಕಿಡಿ ಮುಟ್ಟುವ ರೀತಿಯೇ ಬದಲಾಗಿ ವೇಗ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಕೇಸು ತುಂಬುವ ಮದ್ದಿನಲ್ಲಿ ಇನ್ನೊಂದು ಲಾಭ, ಮರೆತು ಎರಡು ಸಲ ಸುರಿದರೆ ಹೊರಗೆ ಚೆಲ್ಲಿ ಗೊತ್ತಾಗಿಬಿಡುತ್ತದೆ.

ಪರೀಕ್ಷೆ

ಒಂದೇ ಗುಂಡು, ಒಂದೇ ಪ್ರೈಮರ್, ಒಂದೇ ಕಂಪನಿಯ ಕೇಸು. ಬದಲಾಗಬೇಕಾದದ್ದು ಮದ್ದು ಮಾತ್ರ. ಕೈಪಿಡಿಯ ಆರಂಭದ ಅಳತೆಯಿಂದ ಶುರು ಮಾಡಿ, ಅದು ಕೊಟ್ಟಿಲ್ಲದಿದ್ದರೆ ಗರಿಷ್ಠಕ್ಕಿಂತ ಶೇ 10 ಕಡಿಮೆ. ಅರ್ಧರ್ಧ ಗ್ರೇನ್ ಏರಿಸುತ್ತಾ ಹೋಗಿ. ಬೋಲ್ಟ್ ಎತ್ತಲು ಬಿಗಿಯಾಯಿತು, ಕೇಸಿನ ಬುಡದಲ್ಲಿ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ಹೊಳೆಯುವ ಗುರುತು ಬಿತ್ತು, ಪ್ರೈಮರ್ ಚಪ್ಪಟೆಯಾಯಿತು ಅಂದರೆ ಅಲ್ಲಿಗೇ ನಿಲ್ಲಿಸಿ, ಉಳಿದ ತೋಟಾ ಬಿಚ್ಚಿಹಾಕಿ. ಗುರುತು ಏನೂ ಕಾಣದಿದ್ದರೂ ಕೈಪಿಡಿಯ ಗರಿಷ್ಠ ದಾಟಬೇಡಿ.

ಮೂರು ಈಡಿನ ಗುಂಪು ನೋಡಿ ಮರುಳಾಗಬೇಡಿ, ಅದೃಷ್ಟಕ್ಕೆ ಮೂರು ಎಲ್ಲಿ ಬೇಕಾದರೂ ಒಟ್ಟಿಗೆ ಬೀಳುತ್ತವೆ. ಐದಾದರೂ ಹೊಡೆಯಿರಿ, ಬೇಟೆ ರೈಫಲ್ಲಿನ ತೆಳು ನಳಿಗೆ ಬೇಗ ಕಾಯುವುದರಿಂದ ನಡುವೆ ಆರಲು ಬಿಡಿ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ವೇಗ ಬರೆದುಕೊಳ್ಳಿ. ಈಡಿಂದ ಈಡಿಗೆ ವೇಗ ಕಡಿಮೆ ಏರಿಳಿಯುವ ಮದ್ದೇ ನಿಮಗೆ ಬೇಕಾದದ್ದು. ಜಿಂಕೆಯ ಮರ್ಮಸ್ಥಾನ ಸುಮಾರು ಎಂಟು ಇಂಚು ಅಗಲ. ನೂರು ಗಜದಲ್ಲಿ ಒಂದೂವರೆ ಇಂಚಿನ ಗುಂಪು ಬಂದರೆ ಮುನ್ನೂರು ಗಜಕ್ಕೆ ನಾಲ್ಕೂವರೆ ಇಂಚು ಆಯಿತು. ಅರ್ಧ ಇಂಚಿನ ಗುಂಪಿಗಾಗಿ ವಾರಗಟ್ಟಲೆ ಒದ್ದಾಡುವ ಬದಲು ಚಳಿ ಬಂದ ಮೇಲೆ ಬೆಳಿಗ್ಗೆ ತಣ್ಣಗಿನ ಕೋವಿಯಿಂದ ಒಂದೇ ಒಂದು ಈಡು ಹೊಡೆದು ಎಲ್ಲಿ ಬಿತ್ತು ಅಂತ ಗುರುತು ಹಾಕಿಕೊಳ್ಳಿ. ಹೀಗೆ ನಾಲ್ಕೈದು ಬೇರೆ ಬೇರೆ ದಿನ ಮಾಡಿ. ಕಾಡಿನಲ್ಲಿ ನಿಮಗೆ ಸಿಗುವುದು ಆ ಈಡೇ ಅಲ್ವಾ.

ಡಬ್ಬಿ ಕೊಳ್ಳುವಾಗ

.30-06ಕ್ಕೆ ಒಂದು ಪೌಂಡಿನಲ್ಲಿ ಸುಮಾರು 120 ತೋಟಾ ಆಗುತ್ತವೆ. ಯಾವ ಮದ್ದು ಅಂತ ತೀರ್ಮಾನವಾದ ಮೇಲೆ ಒಂದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ ಮದ್ದಿನ ಗುರುತು) ಮೂರು ನಾಲ್ಕು ಡಬ್ಬಿ ಒಟ್ಟಿಗೆ ತಂದಿಡಿ. ಸರಬರಾಜು ಆಗಾಗ ನಿಂತುಹೋಗುತ್ತದೆ. ಮೂಲ ಡಬ್ಬಿಯಲ್ಲೇ, ತಂಪಾಗಿ ಒಣಗಿದ ಜಾಗದಲ್ಲಿಡಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದು ಇರಲಿ. ಮುಚ್ಚಳ ತೆಗೆದಾಗ ಹುಳಿ ಘಾಟು ಬಂದರೆ ಅಥವಾ ಕೆಂಪು ಪುಡಿ ಕಂಡರೆ ಆ ಮದ್ದು ಕೆಟ್ಟಿದೆ, ಬಳಸಬೇಡಿ.

ಹೊಸ ಡಬ್ಬಿಯ ಲಾಟ್ ನಂಬರು ಬೇರೆ ಇದ್ದರೆ ಹಳೆಯ ತೂಕವನ್ನೇ ಹಾಕಬೇಡಿ, ಕೆಳಗಿಳಿದು ಮತ್ತೆ ಏರಿಸುತ್ತಾ ಬನ್ನಿ. ಹಳೆ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಹೊಸದಕ್ಕೆ ಸುರಿಯುವುದೂ ಬೇಡ, ಆ ಉಳಿದದ್ದರಲ್ಲಿ ಈ ಸೀಸನ್ನಿಗೆ ಬೇಕಾದ ಇಪ್ಪತ್ತು ತೋಟಾ ತುಂಬಿಟ್ಟುಕೊಳ್ಳಿ.