ಐವತ್ತು ಕೆಬಿ ಎಂದರೆ ಎಷ್ಟು ಬೈಟ್?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಸ್ನೇಹಿತರೊಬ್ಬರ ಸೈಬರ್ ಸೆಂಟರ್‌ಗೆ ನೇಮಕಾತಿ ಅರ್ಜಿ ಹಾಕಲು ಬರುವವರ ಮೊದಲ ಮಾತು, "ಫೋಟೊ ಕೆಬಿ ಕಡಿಮೆ ಮಾಡಿಕೊಡಿ." ಫೋಟೊ ಫೈಲಿನ ಗಾತ್ರ 50 ಕೆಬಿ (ಕಿಲೋಬೈಟ್) ಮೀರಬಾರದು, 20 ಕೆಬಿಗಿಂತ ಚಿಕ್ಕದೂ ಇರಬಾರದು ಎನ್ನುವುದು ಇಂಥ ಅರ್ಜಿಗಳ ಮಾಮೂಲಿ ಷರತ್ತು. ಈ ಕೆಲಸಕ್ಕೆಂದು ಅವರಿಗೆ ನಾನೊಂದು ಪುಟ್ಟ ಕಮಾಂಡ್ ಲೈನ್ (ಆದೇಶ ಟೈಪ್ ಮಾಡಿ ನಡೆಸುವ) ಸಾಧನ ಬರೆದುಕೊಟ್ಟೆ. ಕೋಡ್ ಬೇಗ ಮುಗಿಯಿತು. ಅಳತೆಯನ್ನು ಹೇಗೆ ಕೊಡಬೇಕೆಂದು ಹೆಲ್ಪ್‌ನಲ್ಲಿ ತಿಳಿಸುವ ನಾಲ್ಕಾರು ಸಾಲುಗಳು ಮಾತ್ರ ಸುಲಭಕ್ಕೆ ದಕ್ಕಲಿಲ್ಲ.

ಈಗಾಗಲೇ ಇರುವ ಸಾಧನಗಳು ಏನು ಹೇಳುತ್ತವೆಂದು ಮೊದಲು ನೋಡಿದೆ. ಲಿನಕ್ಸ್‌ನ ಹೆಡ್, ಸ್ಪ್ಲಿಟ್, ಡಿಡಿ ಮುಂತಾದ ಗ್ನೂ (ಮುಕ್ತ ತಂತ್ರಾಂಶ ಯೋಜನೆಯೊಂದರ) ಕಮಾಂಡ್‌ಗಳಲ್ಲಿ ಅಂಕಿಯ ಜೊತೆ ಬರೀ ಕೆ ಎಂದರೆ 1024 ಬೈಟ್. ಅದರ ಮುಂದೆ ಬಿ ಸೇರಿಸಿ ಕೆಬಿ ಎಂದರೆ 1000. ಒಂದು ಅಕ್ಷರ ಹೆಚ್ಚಾದರೆ ಅಳತೆ ಇಳಿಯುತ್ತದೆ! ಬಿ ಒಂದೇ ಬಂದರೆ 512. ಫೈಲ್ ಹುಡುಕುವ ಫೈಂಡ್ ಕಮಾಂಡಿನ ಸೈಜ್ ಆಯ್ಕೆಗೆ ಅಕ್ಷರವಿಲ್ಲದೆ ಅಂಕಿ ಕೊಟ್ಟರೆ ಅದು ಬೈಟ್ ಅಲ್ಲ, 512 ಬೈಟ್‌ಗಳ ಬ್ಲಾಕ್. ಬೈಟ್ ಬೇಕಿದ್ದರೆ ಸಿ ಸೇರಿಸಬೇಕು. ಅಲ್ಲಿ ಕೆ ಸಣ್ಣಕ್ಷರದಲ್ಲೇ ಇರಬೇಕು, ಎಂ ದೊಡ್ಡಕ್ಷರದಲ್ಲೇ ಇರಬೇಕು. ಅದೂ ಸಾಲದೆಂಬಂತೆ ಫೈಂಡ್ ಪ್ರತಿ ಫೈಲಿನ ಗಾತ್ರವನ್ನು ಆ ಮಾನದ ಪೂರ್ಣಾಂಕಕ್ಕೆ ಮೇಲಕ್ಕೆ ಏರಿಸಿ ಹೋಲಿಸುತ್ತದೆ. ಹಾಗಾಗಿ ಒಂದು ಎಂ‌ಗಿಂತ ಕಡಿಮೆ ಇರುವುದನ್ನು ಹುಡುಕು ಎಂದರೆ ಖಾಲಿ ಫೈಲ್‌ಗಳಷ್ಟೇ ಸಿಗುತ್ತವೆ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೆ ವಿಡಿಯೊ ಬಿಟ್‌ರೇಟ್ 1 ಎಂ ಎಂದು ಕೊಟ್ಟರೆ ಅದು ಸೆಕೆಂಡಿಗೆ 10 ಲಕ್ಷ ಬಿಟ್. ಹಿಂದೆ ಊರಿಗೊಂದು ಸೇರು ಇದ್ದಂತೆ ಇಲ್ಲಿ ಕಮಾಂಡಿಗೊಂದು ಕೆ. ಇವನ್ನೆಲ್ಲ ಅವುಗಳ ಕೈಪಿಡಿಗಳಲ್ಲಿ ಸರಿಯಾಗಿಯೇ ಬರೆದಿದ್ದಾರೆ. ಆದರೆ ಒಂದರ ರೂಢಿ ಬಲ್ಲವನು ಇನ್ನೊಂದರ ಕೈಪಿಡಿಯನ್ನು ತೆರೆದು ನೋಡುವುದೇ ಇಲ್ಲ.

1024ರ ಮಾನಗಳಿಗೆ ಕಿಬಿ (ಕಿಬಿಬೈಟ್ ಎಂದರೆ ಕೆಐಬಿ), ಮೆಬಿ ಎಂಬ ಬೇರೆ ಹೆಸರುಗಳನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಇಸಿ 1998ರಲ್ಲೇ ಕೊಟ್ಟಿತು. ಸೆಂಟರಿನ ಕೌಂಟರ್‌ನಲ್ಲಿ ಅವನ್ನು ಯಾರೂ ಕೇಳಿಲ್ಲ. ಆದ್ದರಿಂದ ಹೆಲ್ಪ್‌ನಲ್ಲಿ ಹೆಸರುಗಳನ್ನು ವಿವರಿಸುವ ಗೋಜಿಗೆ ಹೋಗದೆ, ಪ್ರತಿ ಉದಾಹರಣೆಯ ಪಕ್ಕದಲ್ಲಿ ಬೈಟ್ ಲೆಕ್ಕವನ್ನೇ ಇಟ್ಟೆ:

"ಅಳತೆ: ಬರೀ ಅಂಕಿ ಕೊಟ್ಟರೆ ಬೈಟ್. 50ಕೆಬಿ = 50000 ಬೈಟ್. 50ಕೆಐಬಿ = 51200 ಬೈಟ್. 1.5ಎಂಬಿ = 1500000 ಬೈಟ್. ಅಕ್ಷರ ದೊಡ್ಡದಿರಲಿ, ಸಣ್ಣದಿರಲಿ, ಒಂದೇ. ಅಂಕಿಯ ನಡುವೆ ಅಲ್ಪವಿರಾಮ ಬೇಡ."

ಒಂಟಿ ಕೆ ಕೊಟ್ಟರೆ ನನ್ನ ಸಾಧನ ಒಪ್ಪುವುದಿಲ್ಲ. "50ಕೆಬಿ (50000) ಬೇಕೇ, 50ಕೆಐಬಿ (51200) ಬೇಕೇ?" ಎಂದು ಕೇಳಿ ನಿಲ್ಲುತ್ತದೆ. ಗ್ನೂ ರೂಢಿ ಬಲ್ಲ ಗೆಳೆಯರಿಗೆ ಇದು ಹಿಡಿಸಲಿಲ್ಲ. ಅವರು ಮ್ಯಾನ್ ಪುಟ (ಕಮಾಂಡಿನ ಕೈಪಿಡಿ) ಓದುವ ಜನ, ಅವರಿಗೆ ಏನಾದರೂ ನಡೆಯುತ್ತದೆ. ಮುಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ಕೌಂಟರಿನ ಹುಡುಗ ಓದುವುದು ದೋಷ ಸಂದೇಶವನ್ನು ಮಾತ್ರ. ಹಾಗಾಗಿ ನನ್ನ ಲೆಕ್ಕದಲ್ಲಿ ದೋಷ ಸಂದೇಶವೂ ದಾಖಲೆಯ ಭಾಗವೇ.

ಇನ್ನು ಜಾಲತಾಣದವರ 50 ಕೆಬಿ ಯಾವುದು? ಅರ್ಜಿಯ ಸೂಚನೆಯಲ್ಲಿ ಅದನ್ನು ಬರೆದಿರುವುದಿಲ್ಲ. ಆದರೆ ತಿಳಿಯದಿದ್ದರೂ ಕೆಲಸ ಕೆಡದು. ಗರಿಷ್ಠ ಮಿತಿಗೆ 1000ದ ಲೆಕ್ಕ ಹಿಡಿಯಬೇಕು, ಕನಿಷ್ಠ ಮಿತಿಗೆ 1024ರ ಲೆಕ್ಕ. 50,000 ಬೈಟ್ ಮೀರದ ಫೈಲ್ 51,200ನ್ನೂ ಮೀರುವುದಿಲ್ಲ. 20,480 ಬೈಟ್ ಮುಟ್ಟಿದ್ದು 20,000ವನ್ನು ಆಗಲೇ ದಾಟಿರುತ್ತದೆ. ಹೀಗಾಗಿ ಹೆಲ್ಪ್‌ನ ಮೊದಲ ಉದಾಹರಣೆಯೇ "ಮ್ಯಾಕ್ಸ್ 50ಕೆಬಿ, ಮಿನ್ 20ಕೆಐಬಿ" ಎಂಬ ಜೋಡಿ. ಹುಡುಗರು ಅದನ್ನೇ ನಕಲು ಮಾಡಿಕೊಂಡು ಅಂಕಿ ಬದಲಿಸುತ್ತಾರೆ. ಕಾರಣವನ್ನು ಕೆಳಗೆ ಎರಡು ಸಾಲಿನಲ್ಲಿ ಬರೆದಿದ್ದೇನೆ, ಬೇಕಾದವರು ಓದಿಕೊಳ್ಳಲಿ.

ಸಾಧನ ಬಳಕೆಗೆ ಬಂದ ಮೇಲೆ ಹುಟ್ಟಿದ ಪ್ರಶ್ನೆ ಇನ್ನೊಂದು. "ಸಾರ್, ಐವತ್ತು ಕೊಟ್ಟರೆ ನಲವತ್ತೊಂಬತ್ತು ತೋರಿಸುತ್ತಿದೆಯಲ್ಲ?" ವಿಂಡೋಸ್‌ನ ಫೈಲ್ ಪಟ್ಟಿ 1024ರಿಂದ ಭಾಗಿಸಿ ಮೇಲಕ್ಕೆ ಏರಿಸುತ್ತದೆ: 50,000 ಬೈಟ್ ಅಲ್ಲಿ 49 ಕೆಬಿ. ಅದೇ ಫೈಲಿನ ಪ್ರಾಪರ್ಟೀಸ್ ತೆರೆದರೆ 48.8 ಕೆಬಿ, ಅದರ ಕೆಳಗೆ ಡಿಸ್ಕ್‌ನಲ್ಲಿ ಹಿಡಿದ ಜಾಗವೆಂದು 52 ಕೆಬಿ. ಡಿಸ್ಕ್ ಜಾಗ 4096 ಬೈಟ್‌ಗಳ ತುಂಡುಗಳಲ್ಲಿ ಹಂಚಿಕೆಯಾಗುವುದರಿಂದ 50,000 ಬೈಟ್‌ಗೆ ಅಂಥ 13 ತುಂಡು ಬೇಕು, ಒಟ್ಟು 53,248 ಬೈಟ್. ಆ 52ನ್ನು ಕಂಡು ಫೋಟೊವನ್ನು ಮತ್ತೆ ಹಿಂಡಿ, ಮುಖವನ್ನೇ ಮಸುಕು ಮಾಡುತ್ತಿದ್ದರು. ಈಗ ಕೆಲಸ ಮುಗಿದಾಗ ಸಾಧನವೇ ಬೈಟ್ ಲೆಕ್ಕ ಮುದ್ರಿಸುತ್ತದೆ. ವಿಂಡೋಸ್ ತೋರಿಸುವ ಈ ಮೂರು ಅಂಕಿಗಳನ್ನು ಬಿಟ್ಟು, ಪ್ರಾಪರ್ಟೀಸ್‌ನ ಸೈಜ್ ಸಾಲಿನಲ್ಲಿ ಆವರಣದೊಳಗಿರುವ ಬೈಟ್ ಸಂಖ್ಯೆಯನ್ನಷ್ಟೇ ನಂಬಿ ಎಂದು ಹೆಲ್ಪ್‌ನಲ್ಲಿ ಸೇರಿಸಿದ್ದೇನೆ.

ಹೆಲ್ಪ್‌ನಲ್ಲಿರುವ ಪ್ರತಿ ಉದಾಹರಣೆಯೂ ನನ್ನ ಪರೀಕ್ಷಾ ಕಡತದಲ್ಲಿದೆ. ಕೋಡ್ ಬದಲಾಗಿ 50ಕೆಬಿ ಎನ್ನುವುದು 50000 ಆಗದೆ ಹೋದರೆ ಪರೀಕ್ಷೆ ಸೋಲುತ್ತದೆ, ಹೊಸ ಆವೃತ್ತಿ ಸೆಂಟರಿಗೆ ಹೋಗುವುದಿಲ್ಲ.

ಈಗ ಅಗಲ, ಎತ್ತರದ ಸರದಿ. 3.5 ಸೆಂ.ಮೀ. ಅಗಲದ ಫೋಟೊ ಎಂದು ಅರ್ಜಿಯಲ್ಲಿ ಬರೆದಿದ್ದರೆ 200 ಡಿಪಿಐಗೆ (ಇಂಚಿಗೆ 200 ಚುಕ್ಕಿ) ಅದು 276 ಪಿಕ್ಸೆಲ್, 300 ಡಿಪಿಐಗೆ 413. ಡಿಪಿಐ ಕೊಡದೆ ಸೆಂ.ಮೀ. ಕೊಟ್ಟರೆ ಸಾಧನ ಈ ಎರಡೂ ಅಂಕಿಗಳನ್ನು ತೋರಿಸಿ ನಿಲ್ಲುವಂತೆ ಬರೆದಿದ್ದೇನೆ. ಡಿಪಿಐಗೆ ತಾನಾಗಿಯೇ ಒಂದು ಬೆಲೆ ಇರಲಿ ಎಂದು ಸ್ನೇಹಿತರು ಕೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.